ಕಾವಲಿನ ಊರಿನಲ್ಲಿ ಕುಳಿತು ಕನೆಕ್ಟರ್ ಕಾವಲಿನ ಕಥೆ

ನಮ್ಮ ಶ್ರೀಗಂಧದ ಕಾವಲಿನ ಹೆಸರಲ್ಲೇ ಕಾವಲಿದೆ. ಮೈಸೂರು ಸೀಮೆಯಲ್ಲಿ ಕಾವಲ್ ಅಂದರೆ ಬೇರೆಯವರ ದನ ನುಗ್ಗದಂತೆ ಕಾಯ್ದಿಟ್ಟ ಹುಲ್ಲುಗಾವಲು. ಬೇಲಿ ಎಷ್ಟೇ ಗಟ್ಟಿಯಾಗಿರಲಿ, ದನ ನುಗ್ಗುವುದು ಸರಿಯಾಗಿ ಮುಚ್ಚದ ಗೇಟಿನಲ್ಲಿ. ಈ ಮಾತು ನನಗೆ ಅರ್ಥವಾಗಿದ್ದು ಮಾತ್ರ ದನದಿಂದಲ್ಲ, ಟೀವಿಯಿಂದ!

1990ರ ದಶಕದ ಕೊನೆಯಲ್ಲಿ ನಮ್ಮ ಮನೆಗೆ ಕೇಬಲ್ ಬಂತು. ಎಲ್ಲ ಚಾನೆಲ್ ಚೆನ್ನಾಗಿದ್ದರೂ ದೂರದರ್ಶನದಲ್ಲಿ ಮಾತ್ರ ಚಿತ್ರದ ಎಡಪಕ್ಕದಲ್ಲಿ ಇನ್ನೊಂದು ಮಂಕು ಚಿತ್ರ. ವಾರ್ತೆ ಓದುವವರಿಗೆ ಎರಡೆರಡು ಮೂಗು. ಕೊನೆಗೆ ನೋಡಿದರೆ, ಮಹಡಿಯ ಮೇಲೆ ಕೇಬಲ್ ಕವಲೊಡೆಯುವ ಕಡೆ ಕನೆಕ್ಟರೇ ಇರಲಿಲ್ಲ. ತಂತಿಗಳನ್ನು ಕೈಯಲ್ಲೇ ಹುರಿಮಾಡಿ ಟೇಪ್ ಸುತ್ತಿದ್ದರು. ಜೆ.ಸಿ. ನಗರದ ದೂರದರ್ಶನ ಗೋಪುರದ ಸಿಗ್ನಲ್ ಆ ಸಂದಿಯಿಂದ ನೇರವಾಗಿ ಒಳಗೆ ಬರುತ್ತಿತ್ತು. ಕೇಬಲಿನಲ್ಲೂ ಅದನ್ನು ಅದೇ ಚಾನೆಲಿನಲ್ಲಿ ಕೊಟ್ಟಿದ್ದರು. ಗಾಳಿಯಲ್ಲಿ ಬಂದದ್ದು ಮೊದಲು ತಲುಪುತ್ತಿತ್ತು, ಊರು ಸುತ್ತಿ ಕೇಬಲಿನಲ್ಲಿ ಬಂದದ್ದು ಆಮೇಲೆ. ಅದಕ್ಕೇ ಎರಡು ಮೂಗು. ತಿರುಪಿನ ಎಫ್ ಕನೆಕ್ಟರ್ ಹಾಕಿಸಿದ ಮೇಲೆ ಮೂಗು ಒಂದೇ ಆಯಿತು.

ಇಂಜಿನಿಯರುಗಳು ಇಂಥ ತೊಂದರೆಗೆ ಇಎಂಐ ಅನ್ನುತ್ತಾರೆ. ಸಾಲದ ಕಂತಲ್ಲ ಮಾರಾಯ್ರೆ, ವಿದ್ಯುತ್ಕಾಂತೀಯ ಅಡಚಣೆ. ಒಂದು ಉಪಕರಣದ ಅಲೆ ಇನ್ನೊಂದರೊಳಗೆ ನುಗ್ಗುವುದು.

ಇದಕ್ಕೆ ಬೇಲಿ ಹಾಕಿದವರಲ್ಲಿ ಮೊದಲಿಗ ಇಂಗ್ಲೆಂಡಿನ ಆಲಿವರ್ ಹೆವಿಸೈಡ್. ಒಂದು ತಂತಿಯ ಸುತ್ತ ಕೊಳವೆಯಂತೆ ಇನ್ನೊಂದು ವಾಹಕವನ್ನು ಇಡುವ ಕೋಆಕ್ಸಿಯಲ್ ಕೇಬಲಿಗೆ ಆತ 1880ರಲ್ಲೇ ಪೇಟೆಂಟ್ ಪಡೆದ. ಪಕ್ಕಪಕ್ಕದ ತಂತಿಗಳ ಮಾತು ಒಂದಕ್ಕೊಂದು ಬೆರೆಯದಿರಲಿ ಎಂಬುದೇ ಉದ್ದೇಶ. 1929ರಲ್ಲಿ ಅಮೆರಿಕದ ಎಸ್ಪೆನ್‌ಶೀಡ್ ಮತ್ತು ಆಫೆಲ್ ಅದನ್ನು ದೂರದ ಟೆಲಿಫೋನ್ ಮಾರ್ಗಗಳಿಗೆ ಒಗ್ಗಿಸಲು ಪೇಟೆಂಟ್ ಅರ್ಜಿ ಹಾಕಿದರು. ಬೇಲಿ ಸಿಕ್ಕಿತು. ಗೇಟು?

1930ರ ದಶಕದಲ್ಲಿ ಆಂಫಿನಾಲ್ ಕಂಪನಿಯ ಕ್ವಾಕೆನ್‌ಬುಷ್ ಯುಎಚ್‌ಎಫ್ ಕನೆಕ್ಟರ್ ಮಾಡಿದ. ಹೆಸರು ದೊಡ್ಡದು, ಆದರೆ ಸುಮಾರು 300 ಮೆಗಾಹರ್ಟ್ಸ್ ದಾಟಿದರೆ ಕೈಕೊಡುತ್ತಿತ್ತು. ಯುದ್ಧಕಾಲದ ರೇಡಾರಿಗೆ ಅದು ಸಾಲಲಿಲ್ಲ. 1940ರ ದಶಕದಲ್ಲಿ ಬೆಲ್ ಲ್ಯಾಬ್ಸಿನ ಪಾಲ್ ನೀಲ್ ಎನ್ ಕನೆಕ್ಟರ್ ತಂದ. ಆಮೇಲೆ ಬಂದದ್ದು ಬಿಎನ್‌ಸಿ. ಅದನ್ನು ಬ್ರಿಟಿಷ್ ನೌಕಾಪಡೆಯ ಕನೆಕ್ಟರ್ ಅಂತ ಹೇಳುವವರಿದ್ದಾರೆ, ಅದು ತಪ್ಪು. ಬಿ ಅಂದರೆ ತಿರುಗಿಸಿ ಸಿಕ್ಕಿಸುವ ಬೇಯನೆಟ್, ಎನ್ ಅಂದರೆ ನೀಲ್, ಸಿ ಅಂದರೆ ಕಾನ್ಸೆಲ್ಮನ್. ಸಿಕ್ಕಿಸುವುದು ಸುಲಭ, ಆದರೆ ಅಲುಗಾಡಿದರೆ ಸಂದಿ ಬಿಡುತ್ತದೆ, ಸದ್ದು ಸೇರುತ್ತದೆ. ಅದಕ್ಕಾಗಿ ಅದನ್ನೇ ತಿರುಪಿನ ರೂಪದಲ್ಲಿ ಮಾಡಿದರು. ಅದೇ ಟಿಎನ್‌ಸಿ.

ಇವೆಲ್ಲದರ ಗುಟ್ಟು ಒಂದೇ. ಕೇಬಲಿನ ಮೇಲಿನ ತಾಮ್ರದ ಜಾಲರಿ ಕನೆಕ್ಟರಿನ ಲೋಹದ ಮೈಯನ್ನು ಸುತ್ತಲೂ, 360 ಡಿಗ್ರಿ ಮುಟ್ಟಬೇಕು. ಕೆಲವರು ಜಾಲರಿಯನ್ನು ಜಡೆಯಂತೆ ಹೊಸೆದು ಒಂದು ಮೂಲೆಗೆ ಬೆಸೆಯುತ್ತಾರೆ. ಇದಕ್ಕೆ ಹಂದಿಬಾಲ ಎಂದೇ ಹೆಸರು. 10 ಸೆಂಟಿಮೀಟರ್ ಬಾಲಕ್ಕೆ ಸುಮಾರು 100 ನ್ಯಾನೋಹೆನ್ರಿ ಇಂಡಕ್ಟೆನ್ಸ್ ಇರುತ್ತದೆ. ಮನೆಯ 50 ಹರ್ಟ್ಸ್ ಕರೆಂಟಿಗೆ ಅದು ಲೆಕ್ಕಕ್ಕಿಲ್ಲ. 100 ಮೆಗಾಹರ್ಟ್ಸಿನಲ್ಲಿ ಅದೇ ಬಾಲ ಸುಮಾರು 63 ಓಂ ತಡೆ ಒಡ್ಡುತ್ತದೆ. ಆಗ ಬೇಲಿ ಇದ್ದೂ ಇಲ್ಲದಂತೆ.

ಈ ಪಾಠಕ್ಕೆ ಎಲ್ಲರೂ ಕೊಡುವ ಉದಾಹರಣೆ ಒಂದಿದೆ. 1967ರ ಜುಲೈ 29ರಂದು ವಿಯೆಟ್ನಾಂ ಕರಾವಳಿಯಾಚೆ ಫಾರೆಸ್ಟಲ್ ಎಂಬ ಅಮೆರಿಕದ ವಿಮಾನವಾಹಕ ಹಡಗಿನಲ್ಲಿ ರಾಕೆಟ್ ತಾನಾಗಿ ಹಾರಿ, ಬೆಂಕಿ ಬಿದ್ದು 134 ಜನ ಸತ್ತರು. ನಾಸಾದ 1995ರ ಒಂದು ವರದಿ, ಇಳಿಯುತ್ತಿದ್ದ ವಿಮಾನದ ಷೀಲ್ಡಿನ ಜೋಡಣೆ ಹಾಳಾಗಿ ರೇಡಾರ್ ಅಲೆ ಒಳನುಗ್ಗಿತು ಅನ್ನುತ್ತದೆ. ಆದರೆ ನೌಕಾಪಡೆಯ ತನಿಖೆ ಹೇಳುವುದೇ ಬೇರೆ. ವಿಮಾನ ಡೆಕ್ಕಿನ ಮೇಲೆ ನಿಂತಿತ್ತು. ಹೊರಗಿನ ವಿದ್ಯುತ್ತಿನಿಂದ ಸ್ವಂತ ವಿದ್ಯುತ್ತಿಗೆ ಬದಲಿಸುವಾಗ ಒಮ್ಮೆಲೇ ಏರಿದ ಕರೆಂಟು ರಾಕೆಟ್ ಹೊತ್ತಿಸಿತು. ಹಾರುವ ಕೊನೇ ಗಳಿಗೆಯಲ್ಲಿ ಸಿಕ್ಕಿಸಬೇಕಿದ್ದ ಕನೆಕ್ಟರನ್ನು, ಸಮಯ ಉಳಿಸಲು ಮೊದಲೇ ಸಿಕ್ಕಿಸುವ ರೂಢಿ ಅಲ್ಲಿತ್ತು. ನನಗೆ ನಂಬಿಕೆ ತನಿಖೆಯ ಮೇಲೆ. ಅವಸರದ ಕೈಗಳ ತಪ್ಪನ್ನು ಕಾಣದ ಅಲೆಯ ಮೇಲೆ ಹಾಕಿದರೆ ಸತ್ತವರಿಗೂ ನ್ಯಾಯವಲ್ಲ, ಪಾಠವೂ ತಪ್ಪಾಗುತ್ತದೆ. ಎರಡು ಕಥೆಗಳಲ್ಲೂ ತಪ್ಪಿದ್ದು ಜೋಡಣೆಯ ಜಾಗದಲ್ಲೇ ಅನ್ನುವುದು ಮಾತ್ರ ನಿಜ.

ಈಗ ನಮ್ಮ ನಾಡಿಗೆ ಬರೋಣ. ವಿಶ್ವದ ಮೊದಲ ನಕ್ಷತ್ರಗಳ ಕಾಲದ ಗುರುತು 78 ಮೆಗಾಹರ್ಟ್ಸ್ ಸುತ್ತ ಸಿಕ್ಕಿತೆಂದು 2018ರಲ್ಲಿ ಎಡ್ಜಸ್ ಎಂಬ ಪ್ರಯೋಗದವರು ಪ್ರಕಟಿಸಿದರು. ಅದನ್ನು ಪರೀಕ್ಷಿಸಲು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಸರಸ್ 3 ಎಂಬ ರೇಡಿಯೋ ದೂರದರ್ಶಕವನ್ನು 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು. ಆಂಟೆನಾದ ಕೆಳಗೆ ಮಣ್ಣಿನ ಪದರಗಳ ಗೊಂದಲವಿಲ್ಲದೆ ಒಂದೇ ಸಮನಾದ ನೀರಿರಲಿ ಎಂದು. ಹುಡುಕುತ್ತಿದ್ದದ್ದು ಎಫ್‌ಎಂ ಪಟ್ಟಿಯ ಪಕ್ಕದಲ್ಲೇ ಇರುವ ಅತಿ ಕ್ಷೀಣ ಸಿಗ್ನಲ್. ತಮ್ಮದೇ ಯಂತ್ರದ ಸದ್ದು ಒಳನುಗ್ಗಿದರೂ ಎಲ್ಲ ಹಾಳು. ಆದ್ದರಿಂದ ಆಂಟೆನಾ ಹತ್ತಿರದ ರಿಸೀವರಿನಿಂದ ದೂರದ ಯಂತ್ರಕ್ಕೆ ತಾಮ್ರದ ತಂತಿಯ ಬದಲು ಬೆಳಕು ಸಾಗಿಸುವ ಗಾಜಿನ ಎಳೆ. ರೇಡಿಯೋ ಅಲೆಗೆ ಗಾಜಿನ ಎಳೆ ಆಂಟೆನಾ ಆಗುವುದಿಲ್ಲ. 2022ರ ಫೆಬ್ರವರಿಯಲ್ಲಿ ಬಂದ ಫಲಿತಾಂಶ, ಎಡ್ಜಸ್ ಕಂಡ ಆಕಾರ ಆಕಾಶದ್ದಲ್ಲ ಎಂದು ಶೇ. 95.3ರಷ್ಟು ವಿಶ್ವಾಸದಿಂದ ಹೇಳಿತು.

ಹೆವಿಸೈಡ್ ಹಾಕಿದ ಬೇಲಿಯ ಗೇಟನ್ನು ಭದ್ರಮಾಡಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ನಮ್ಮ ಮಹಡಿಗೆ ಆ ಭದ್ರತೆ ಬರಲು ಇನ್ನೂ ಅರ್ಧ ಶತಮಾನ. ಅಷ್ಟಾಗಿ ಅಲ್ಲಿ ಬೇಕಿದ್ದದ್ದು ಕೆಲವೇ ರೂಪಾಯಿಯ ತಿರುಪು, ಮತ್ತು ಅದನ್ನು ಪೂರ್ತಿ ಬಿಗಿ ಮಾಡುವಷ್ಟು ತಾಳ್ಮೆ.