ಕಾರು ಟೈರಿನ ಅಸಮ ಸವೆತ

ಟೈರಿನಲ್ಲಿ ನೆಲಕ್ಕೆ ತಾಗುವ ಭಾಗವಾದ ಟ್ರೆಡ್ ಒಂದೇ ಸಮನೆ ಸವೆಯದೆ, ಅಂಚಿನಲ್ಲೋ ನಡುವಿನಲ್ಲೋ ಅಲ್ಲಲ್ಲಿಯೋ ಹೆಚ್ಚು ಸವೆಯುವುದೇ ಅಸಮ ಸವೆತ. ಇದು ಟೈರಿನದೇ ದೋಷವಾಗಿರುವುದು ಕಡಿಮೆ. ಗಾಳಿಯ ಒತ್ತಡ, ಚಕ್ರ ನಿಂತಿರುವ ಕೋನ, ಸಸ್ಪೆನ್ಷನ್ ಇವುಗಳಲ್ಲಿ ಯಾವುದು ಕೆಟ್ಟಿದೆ ಎಂಬುದು ಸವೆತದ ಗುರುತಿನಿಂದಲೇ ಬಹುಮಟ್ಟಿಗೆ ತಿಳಿಯುತ್ತದೆ. ಕಾರಣ ಹುಡುಕದೆ ಹೊಸ ಟೈರ್ ಹಾಕಿಸಿದರೆ ಅದೂ ಹಾಗೆಯೇ ಹಾಳಾಗುತ್ತದೆ.

ಗಾಳಿ ಕಡಿಮೆಯಿದ್ದರೆ ಎರಡೂ ಅಂಚು ಸವೆಯುತ್ತವೆ, ಹೆಚ್ಚಾದರೆ ನಡುಭಾಗ. ಇಂದಿನ ಕಾರುಗಳ ರೇಡಿಯಲ್ ಟೈರುಗಳ ಪಕ್ಕ ಸರಿಯಾದ ಗಾಳಿಯಿದ್ದಾಗಲೂ ಕೊಂಚ ಉಬ್ಬಿಯೇ ಇರುವುದರಿಂದ ಕಣ್ಣಳತೆಯನ್ನು ನಂಬುವಂತಿಲ್ಲ, ಗೇಜ್ ಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಏರಿರುತ್ತದೆ. ಹಾಗಾಗಿ ಹೊರಡುವ ಮೊದಲು, ಟೈರ್ ತಣ್ಣಗಿರುವಾಗ ಅಳೆಯಬೇಕು. ಎಷ್ಟು ಗಾಳಿ ಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಕಂಬದ ಚೀಟಿಯಲ್ಲಿರುತ್ತದೆ. ಕಾರು ತುಂಬ ಜನ, ಸಾಮಾನು ಇದ್ದಾಗಿನ ಅಳತೆ ಬೇರೆಯಾಗಿದ್ದರೆ ಅದೂ ಅಲ್ಲೇ ಸಿಗುತ್ತದೆ.

ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನಗಳ ಹೊಂದಾಣಿಕೆಯ ಮೇಲೆ ಅನುಮಾನ ಪಡಬೇಕು. ಚಕ್ರ ಒಳಗೋ ಹೊರಗೋ ವಾಲಿರುವುದು ಕ್ಯಾಂಬರ್. ಮೇಲಿನಿಂದ ನೋಡಿದಾಗ ಓಟದ ದಿಕ್ಕಿನಿಂದ ತಿರುಗಿರುವುದು ಟೋ. ಹೆಚ್ಚು ಹಾನಿ ಮಾಡುವುದು ಟೋ. ಚಕ್ರವೊಂದು ಬರೀ 1 ಡಿಗ್ರಿ ತಿರುಗಿದ್ದರೂ, ಕಿಲೋಮೀಟರಿಗೆ ಸುಮಾರು 17 ಮೀಟರಿನಷ್ಟು ಅಡ್ಡಕ್ಕೆ ಉಜ್ಜಿದಂತಾಗುತ್ತದೆ. ಅಂಥ ಟೈರಿನ ಮೇಲೆ ಅಡ್ಡಲಾಗಿ ಕೈಯಾಡಿಸಿದರೆ ಒಂದು ದಿಕ್ಕಿಗೆ ನಯ, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ಚೂಪು. ಗುಂಡಿಗೆ ಚಕ್ರ ಬಿದ್ದ ಒಂದೇ ಪೆಟ್ಟಿಗೆ ಈ ಕೋನಗಳು ಕೆಡಬಹುದು. ಆದರೆ ಅಂಚಿನ ಸವೆತವೆಲ್ಲ ಅಲೈನ್‌ಮೆಂಟ್‌ನದಲ್ಲ: ಚಾರ್ಮಾಡಿ, ಆಗುಂಬೆಯಂಥ ಘಾಟಿಗಳ ತಿರುವುಗಳಲ್ಲಿ ವೇಗವಾಗಿ ಓಡಿಸುತ್ತಿದ್ದರೆ ಕೋನ ಸರಿಯಿದ್ದೂ ಮುಂದಿನ ಟೈರುಗಳ ಹೊರ ಅಂಚು ತೇಯುತ್ತದೆ.

ಟ್ರೆಡ್ಡಿನ ಸುತ್ತ ಅಲ್ಲಲ್ಲಿ ಹಳ್ಳ ಬಿದ್ದಂತಿದ್ದರೆ ಶಾಕ್ ಅಬ್ಸಾರ್ಬರ್ ದುರ್ಬಲವಾಗಿ ಚಕ್ರ ಕುಪ್ಪಳಿಸುತ್ತಿರಬಹುದು, ಇಲ್ಲವೇ ಬ್ಯಾಲೆನ್ಸಿಂಗ್ ತಪ್ಪಿರಬಹುದು. ಸಸ್ಪೆನ್ಷನ್, ಸ್ಟೇರಿಂಗ್‌ಗಳ ಸವೆದ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ತುದಿಗಳನ್ನು ಹಾಗೇ ಬಿಟ್ಟು ಅಲೈನ್‌ಮೆಂಟ್ ಮಾಡಿಸುವುದು ವ್ಯರ್ಥ. ಆ ಸಡಿಲದಲ್ಲಿ ಕೂರಿಸಿದ ಕೋನ ನಿಲ್ಲುವುದಿಲ್ಲ.

ಮುಂದಿನ ಚಕ್ರಗಳಿಂದಲೇ ಓಡುವ ಕಾರುಗಳಲ್ಲಿ ಎಳೆತ, ತಿರುವು, ಬ್ರೇಕಿನ ಬಹುಪಾಲು ಭಾರ ಮೂರೂ ಮುಂದಿನ ಟೈರುಗಳದ್ದೇ. ಅವು ಬೇಗ ಸವೆಯುವುದು ಸಹಜ. ಸುಮಾರು 8,000ದಿಂದ 10,000 ಕಿ.ಮೀ.ಗೊಮ್ಮೆ ಹಿಂದುಮುಂದು ಬದಲಿಸಿದರೆ ನಾಲ್ಕೂ ಹೆಚ್ಚುಕಡಿಮೆ ಸಮನಾಗಿ ಸವೆಯುತ್ತವೆ. ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣದ ಗುರುತಿರುವ ಟೈರುಗಳನ್ನು ಅದೇ ಬದಿಯಲ್ಲಷ್ಟೇ ಬದಲಿಸಬೇಕು.

ಭಾರತದಲ್ಲಿ ಕಾರಿನ ಟ್ರೆಡ್ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದು. ಟ್ರೆಡ್ಡಿನ ತೋಡುಗಳೊಳಗೆ ಈ ಮಟ್ಟ ತೋರಿಸುವ ಸಣ್ಣ ಉಬ್ಬುಗಳಿರುತ್ತವೆ. ಸವೆತ ಅಸಮವಾಗಿದ್ದಾಗ ಹೊರಗಿನಿಂದ ಕಾಣುವ ಭಾಗವನ್ನಷ್ಟೇ ನೋಡಿದರೆ ಮೋಸಹೋಗುವ ಸಂಭವವಿದೆ. ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ನಿಲ್ಲಿಸಿ ಮುಂದಿನ ಟೈರುಗಳ ಒಳ ಅಂಚನ್ನೂ ನೋಡಬೇಕು.