ಕರಡಿ ಉಗುರು

ಮೊನ್ನೆ ಅವ್ವನ ಟ್ರಂಕು ತೆಗೆದು ಒಪ್ಪ ಮಾಡಾಕ ಕುಂತಾಗ ತಾಮ್ರದ ಹಳೇ ತಾಯಿತ ಒಂದು ಸಿಕ್ತು. ಬಿಚ್ಚಿ ನೋಡಿದ್ರ ಒಳಗ ನಾಕು ಕರೀ ಕೂದಲು. ನಾನು ಸಣ್ಣಾಕಿದ್ದಾಗ ರಾತ್ರಿ ಬೆಚ್ಚಿ ಅಳ್ತಿದ್ನಂತ, ಅದಕ್ಕ ಕರಡಿ ಕೂದಲು ಕಟ್ಟಿಸಿದ್ಲಂತ. ನಿಮ್ಮ ಮನಿಯಾಗೂ ಇಂಥಾದ್ದೊಂದು ಇದ್ದಿರಬೇಕು, ನೆನಪು ಮಾಡ್ಕೊಳ್ರಿ.

ನಮ್ಮ ಕೂಡ್ಲಿಗಿ ಕಡಿ ಕರಡಿ ಆಡಿಸೋರು ಬಂದ್ರು ಅಂದ್ರ ಓಣಿ ಹೆಂಗಸರೆಲ್ಲ ಹೊರಗ. ಮೊರದಾಗ ಜ್ವಾಳ ಹಾಕೋದು, ಕೂಸನ್ನ ಕರಡಿ ಬೆನ್ನ ಮ್ಯಾಲೆ ಕುಂಡ್ರಿಸೋದು, ಕೂದಲು ಇಸ್ಕೊಳ್ಳೋದು. ಉಗುರೆಲ್ಲ ಮೊಂಡು. "ಮಕ್ಕಳಿಗೆ ಪರಚಬಾರದು ಅಂತ ಎಷ್ಟು ಚೆಂದ ಕತ್ತರಿಸ್ಯಾರ ನೋಡು" ಅಂತಿದ್ಲು ನಮ್ಮಜ್ಜಿ.

ಆ ಚೆಂದ ಏನಂತ ಗೊತ್ತಾಗಿದ್ದು ಬಾಳ ತಡವಾಗಿ. ತಾಯಿಯಿಂದ ಕಿತ್ತು ತಂದ ಮರಿಯ ಮೂತಿಗೆ ಕಾಸಿದ ಕಬ್ಬಿಣ ಚುಚ್ಚಿ ಹಗ್ಗ ಪೋಣಿಸ್ತಿದ್ರು. ಹಲ್ಲು ಉದುರಿಸ್ತಿದ್ರು, ಉಗುರು ಕತ್ತರಿಸ್ತಿದ್ರು. ಹಗ್ಗ ಜಗ್ಗಿದ್ರ ನೋವು, ಆ ನೋವಿಗೆ ಎದ್ದು ನಿಂತು ಕುಣಿಯೋದು. "ಕೂದಲು ಕೀಳುವಾಗ ಅದು ಒದರಲಿಲ್ಲೇನವ್ವ?" ಅಂತ ಕೇಳಿದೆ. "ಬಾಯಿಗೆ ಹಗ್ಗ ಇತ್ತಲ್ಲ" ಅಂದ್ಲು.

ಕರಡಿಗೆ ಉಗುರಂದ್ರ ನಮಗ ಕುಡುಗೋಲು, ಗುದ್ದಲಿ ಇದ್ದಂಗ. ಅದರಿಂದ ಹುತ್ತ ಅಗಿದು, ಗೆದ್ದಲು ಹೀರಿ ತಿಂತೈತಿ. ಹೀರಾಕ ಅನುಕೂಲ ಆಗ್ಲಿ ಅಂತ ಮ್ಯಾಲಿನ ಮುಂದಿನ ಎರಡು ಹಲ್ಲು ಹುಟ್ಟಾನೇ ಇರಂಗಿಲ್ಲ. 1791ರಲ್ಲಿ ಜಾರ್ಜ್ ಶಾ ಅನ್ನೋ ಇಂಗ್ಲಿಷ್ ಪಂಡಿತ ಈ ಉದ್ದನೆ ಉಗುರು ನೋಡಿ, ಇದು ಅಮೆರಿಕದ ಮರದಾಗ ಜೋತಾಡೋ ಸ್ಲಾತ್ ಅನ್ನೋ ಪ್ರಾಣಿಯ ಜಾತಿ ಅಂತ ತಿಳಿದು ಹೆಸರಿಟ್ಟ. ತಪ್ಪು ತಿದ್ದಿದ ಮ್ಯಾಲೂ ಇಂಗ್ಲಿಷಿನಾಗ ಇವತ್ತಿಗೂ ಅದು ಸ್ಲಾತ್ ಕರಡಿನೇ.

1972ರ ವನ್ಯಜೀವಿ ಕಾಯ್ದೆ ಬಂದ್ರೂ ಕುಣಿತ ಕೂಡಲೇ ನಿಲ್ಲಲಿಲ್ಲ. ಆಡಿಸೋರು ಹೆಚ್ಚಿನವರು ಖಲಂದರ್ ಮಂದಿ, ತಲೆತಲಾಂತರದ ಕಸುಬು, ಹೊಟ್ಟಿಪಾಡು. ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆಯವರು ಬೇರೆ ಉದ್ಯೋಗಕ್ಕ ದುಡ್ಡು, ಮಕ್ಕಳಿಗೆ ಓದು ಕೊಟ್ಟು 600ಕ್ಕೂ ಹೆಚ್ಚು ಕರಡಿ ಬಿಡಿಸಿದ್ರು. 2009ರಲ್ಲಿ ಕುಣಿತ ಕೊನೆಯಾಯ್ತು. ಬರೇ ಕೇಸು ಹಾಕಿದ್ರ ಆಗ್ತಿದ್ದಿಲ್ಲ ಅನ್ನಿಸ್ತೈತಿ ನನಗ. ಬಿಡಿಸಿದ ಕರಡಿಗಳು ಬನ್ನೇರುಘಟ್ಟದಾಗೂ ಅದಾವ. ಹಲ್ಲಿಲ್ಲದವಕ್ಕ ಗಂಜಿ ಉಣಸ್ತಾರ, ಮರದ ದಿಮ್ಮಿಗೆ ಜೇನು ಸವರಿ ಕೆರೆಯಾಕ ಕೊಡ್ತಾರ. ಕಾಡಿಗೆ ಬಿಟ್ರ ಅವು ಬದುಕಂಗಿಲ್ಲ.

ನಮ್ಮಲ್ಲೇ 1994ರಲ್ಲಿ ದರೋಜಿ, 2013ರಲ್ಲಿ ಕೂಡ್ಲಿಗಿ ತಾಲೂಕಿನ ಗುಡೇಕೋಟೆ, ಎರಡು ಕರಡಿಧಾಮ ಆಗ್ಯಾವ. ದರೋಜಿಗೆ ಮಧ್ಯಾಹ್ನದ ಮ್ಯಾಲೆ ಹೋದ್ರ ಬಂಡೆ ಮ್ಯಾಲಿಂದ ಕರಡಿ ಇಳಿಯೋದು ಕಾಣ್ತೈತಿ. ಉಗುರು ಇದ್ದ ಕರಡಿ ನಾನು ಮೊದಲು ನೋಡಿದ್ದು ಅಲ್ಲೇ.

ಕರಡಿ ಉಗುರು, ಕೂದಲು ಮನಿಯಾಗ ಇಟ್ಕೊಳ್ಳೋದು ಕಾನೂನಿನಾಗ ತಪ್ಪು. ಸೋಮವಾರ ಅರಣ್ಯ ಇಲಾಖೆ ಆಫೀಸಿಗೆ ಹೋಗಿ ಕೇಳಿ ಕೊಟ್ಟು ಬರ್ತೀನಿ. ತಾಮ್ರದ ತಾಯಿತ ಮಾತ್ರ ಇಸ್ಕೊಂಡು ಬಾ ಅಂದಾಳ ಅವ್ವ.