ತ್ರಿಪಕ್ಷ ಮೈತ್ರಿಕೂಟ (1790–92)

ಮೂರನೆಯ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ವಿರುದ್ಧ ಈಸ್ಟ್ ಇಂಡಿಯಾ ಕಂಪನಿ, ಪುಣೆಯ ಪೇಶ್ವೆ ಮತ್ತು ಹೈದರಾಬಾದಿನ ನಿಜಾಮ ಕಟ್ಟಿಕೊಂಡ ಕೂಟ. 1790ರ ಜೂನ್‌ನಲ್ಲಿ ಪೇಶ್ವೆಯೊಡನೆ, ಜುಲೈನಲ್ಲಿ ನಿಜಾಮನೊಡನೆ ಕಂಪನಿಯ ಒಪ್ಪಂದವಾಯಿತು. ಗೆದ್ದ ನೆಲವನ್ನು ಹಂಚಿಕೊಳ್ಳಬೇಕೆಂಬುದು ಕರಾರು. ಶತ್ರು ಒಬ್ಬನೇ ಆದರೂ ಗುರಿ ಒಂದಾಗಿರಲಿಲ್ಲ. ಪುಣೆಯ ಮಂತ್ರಿ ನಾನಾ ಫಡ್ನವೀಸನಿಗೆ ಬೇಕಿದ್ದುದು ತುಂಗಭದ್ರೆಯವರೆಗಿನ ಸೀಮೆ. ಟಿಪ್ಪು ಅಳಿದು ಅವನ ಜಾಗದಲ್ಲಿ ಕಂಪನಿ ಬಂದು ಕೂರುವುದಲ್ಲ.

ಮರಾಠ ಸೇನಾನಿ ಪರಶುರಾಮ ಭಾವು ಪಟವರ್ಧನ ಟಿಪ್ಪುವಿನ ವಶದಲ್ಲಿದ್ದ ಧಾರವಾಡದ ಕೋಟೆಗೆ ಹಾಕಿದ ಮುತ್ತಿಗೆ ಸುಮಾರು ಏಳು ತಿಂಗಳು ಎಳೆಯಿತು. ಅಷ್ಟರಲ್ಲಿ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ 1791ರ ಮಾರ್ಚ್‌ನಲ್ಲಿ ಬೆಂಗಳೂರನ್ನು ಗೆದ್ದು ಮೇ ತಿಂಗಳಲ್ಲಿ ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣದ ಹತ್ತಿರ ಬಂದಿದ್ದ. ಮಳೆ ಹಿಡಿಯಿತು, ಎತ್ತುಗಳು ಸತ್ತವು, ಧಾನ್ಯ ತೀರಿತು. ಮುತ್ತಿಗೆಯ ತೋಪುಗಳನ್ನು ತಾನೇ ಕೆಡಿಸಿ ಅವನು ಹಿಮ್ಮೆಟ್ಟಿದ. ಮೇಲುಕೋಟೆಯ ಬಳಿ ಕುದುರೆ ಸವಾರರ ದಂಡು ಕಂಡಾಗ ಕಂಪನಿಯವರು ಅದನ್ನು ಶತ್ರುಸೇನೆಯೆಂದೇ ತಿಳಿದರು, ಬಂದವರು ಮರಾಠರು. ಟಿಪ್ಪುವಿನ ಸವಾರರು ಓಲೆಕಾರರನ್ನು ದಾರಿಯಲ್ಲೇ ತಡೆಯುತ್ತಿದ್ದುದರಿಂದ ಮಿತ್ರರು ಇಷ್ಟು ಸಮೀಪವಿದ್ದಾರೆಂಬ ಸುಳಿವೇ ಇರಲಿಲ್ಲ. ಮರಾಠರ ದಂಡಿನ ಬಜಾರಿನಲ್ಲಿ ಹಸಿದ ಪಡೆಗೆ ಧಾನ್ಯವೇನೋ ಸಿಕ್ಕಿತು. ಮಿತ್ರರೆಂದು ಬೆಲೆ ಮಾತ್ರ ಇಳಿಯಲಿಲ್ಲ.

1792ರ ಫೆಬ್ರುವರಿಯಲ್ಲಿ ರಾಜಧಾನಿಯ ಮೇಲೆ ದಾಳಿಯಾದಾಗ ಭಾವು ಅಲ್ಲಿರಲಿಲ್ಲ. ಶಿವಮೊಗ್ಗ, ಬಿದನೂರುಗಳ ಕಡೆ ತಿರುಗಿದ್ದ ಅವನು ಬಂದದ್ದು ಕಾದಾಟ ನಿಂತ ಮೇಲೆ. ಮಾರ್ಚ್‌ನ ಸಂಧಿಯಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು 3 ಕೋಟಿ 30 ಲಕ್ಷ ರೂಪಾಯಿಗೆ ಒಪ್ಪಿ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ. ಮಲಬಾರು, ಕೊಡಗು, ಬಾರಾಮಹಲು ಕಂಪನಿಗೆ ಹೋದವು. ಮರಾಠರ ಗಡಿ ತುಂಗಭದ್ರೆಗೆ ಬಂತು.

ಗೆದ್ದ ನೆಲವನ್ನು ಪರಸ್ಪರ ಕಾಯ್ದುಕೊಳ್ಳುವ ಖಾತರಿ ಒಪ್ಪಂದವನ್ನು ಕಾರ್ನ್‌ವಾಲಿಸ್ ಮುಂದಿಟ್ಟ. ಪುಣೆ ಒಪ್ಪಲಿಲ್ಲ. 1795ರಲ್ಲಿ ಖರ್ಡಾದಲ್ಲಿ ಮರಾಠರು ನಿಜಾಮನನ್ನೇ ಸೋಲಿಸಿದರು. ಗವರ್ನರ್ ಜನರಲ್ ಜಾನ್ ಶೋರ್ ತಟಸ್ಥನಾಗಿ ಉಳಿದ. ಕೂಟ ನಿಜವಾಗಿ ಮುರಿದದ್ದು ಇಲ್ಲಿ. ಕೈಬಿಟ್ಟ ಕಂಪನಿಯ ಮೇಲೆ ಮುನಿದ ನಿಜಾಮ ಫ್ರೆಂಚ್ ಸೇನಾನಿ ರೇಮಂಡ್‌ನ ಪಡೆಯನ್ನು ನೆಚ್ಚಿದ. 1798ರಲ್ಲಿ ಹೊಸ ಗವರ್ನರ್ ಜನರಲ್ ವೆಲ್ಲೆಸ್ಲಿ ಅದನ್ನು ವಿಸರ್ಜಿಸಿ, ಕಂಪನಿಯ ಪಡೆಯನ್ನು ತನ್ನ ಖರ್ಚಿನಲ್ಲಿ ಇಟ್ಟುಕೊಳ್ಳುವ ಸಹಾಯಕ ಸೈನ್ಯ ಪದ್ಧತಿಗೆ ನಿಜಾಮನನ್ನು ಕಟ್ಟಿಹಾಕಿದ. 1799ರ ಕೊನೆಯ ಮೈಸೂರು ಯುದ್ಧಕ್ಕೆ ಪುಣೆಯ ಸೇನೆ ಬರಲಿಲ್ಲ. ಗೆದ್ದ ನೆಲದಲ್ಲಿ ಷರತ್ತಿನೊಡನೆ ಕೊಡಬಂದ ಪಾಲನ್ನೂ ಅದು ಮುಟ್ಟಲಿಲ್ಲ. 1803ರಲ್ಲಿ ಕಂಪನಿಗೂ ಮರಾಠ ಸರದಾರರಾದ ಸಿಂಧಿಯಾ, ಭೋಂಸ್ಲೆಯರಿಗೂ ಯುದ್ಧ ನಡೆಯಿತು.

ಮೈಸೂರಿನಿಂದ ತನಗೆ ದಕ್ಕಿದ್ದ ಸೀಮೆಯನ್ನೆಲ್ಲ ನಿಜಾಮ 1800ರಲ್ಲಿ ಸಹಾಯಕ ಪಡೆಯ ಖರ್ಚಿಗೆಂದು ಕಂಪನಿಗೆ ಬಿಟ್ಟುಕೊಟ್ಟ. ಭಾವು ಏಳು ತಿಂಗಳು ಕಾದು ಗೆದ್ದ ಧಾರವಾಡ 1817ರಲ್ಲಿ ಅದೇ ಕಂಪನಿಯ ಕೈ ಸೇರಿತು.